ಕೆರೆಯ ಮೆಟ್ಟಿಲ ಮೇಲೆ ಹನ್ನೊಂದು ಕೊಡ

ನವಲಗುಂದದ ಕಡೆ ಬಾವಿ ತೋಡಿದರೆ ಸಿಗುವುದು ಉಪ್ಪುನೀರು. ಹಾಗಾಗಿ ನಮ್ಮೂರಿಗೆಲ್ಲ ಕೆರೆಯೇ ಗತಿ. ಎಂಥ ಗೌಡನಾದರೂ ಚಪ್ಪಲಿ ದಂಡೆಯಲ್ಲಿ ಬಿಟ್ಟೇ ಮೆಟ್ಟಿಲಿಳಿಯಬೇಕು. ನಮ್ಮ ಕೇರಿಯವರಿಗೆ ಬರಿಗಾಲಲ್ಲೂ ಇಳಿಯುವ ಹಾಗಿರಲಿಲ್ಲ. ದಂಡೆಯ ಮೇಲೆ ಕೂತು, ಮೇಲ್ಕೇರಿಯವರು ಮನಸ್ಸು ಮಾಡಿ ಸುರಿದಷ್ಟು ನೀರು ಹಿಡಿಯಬೇಕು. ಎಂಬತ್ತರ ದಶಕ ಬಂದು, ನಾನು ಹೈಸ್ಕೂಲು ಸೇರಿದರೂ ಇದೇ ನಡೆದಿತ್ತು.

ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಹೂಳೆತ್ತಲು ಮಾತ್ರ ನಾವೇ ಇಳಿಯಬೇಕು. ಆಗ ಮೈಲಿಗೆ ಎಲ್ಲಿ ಹೋಗುತ್ತಿತ್ತೋ! "ಕೆಸರಿಗೆ ಇಳದ ಕಾಲು ನೀರಿಗ್ಯಾಕ ಇಳೀಬಾರದು?" ಎಂದು ಆ ವರ್ಷ ಅವ್ವ ಬುಟ್ಟಿ ಹೊರುತ್ತಲೇ ಕೇಳಿದಳು. ಅವಳಿಗೆ ಬೇಕಿದ್ದದ್ದು ಇಷ್ಟೇ, ತನ್ನ ಕೊಡವನ್ನು ತನ್ನ ಕೈಯಾರೆ ಮುಳುಗಿಸುವುದು.

ಹೂಳೆತ್ತಿದ ಕಡೆಯ ದಿನ ಕೇರಿಯ ಹೆಂಗಸರು ಹುಣಸೆಹಣ್ಣು ಹಚ್ಚಿ ಬೆಳಗಿದ ಹನ್ನೊಂದು ಕೊಡಗಳನ್ನು ಒಂದು ಮೆಟ್ಟಿಲಿನ ಉದ್ದಕ್ಕೂ ಇಟ್ಟು ಮೇಲೆ ಬಂದರು. ನೀರು ಬಂದು ನಿಲ್ಲುವುದು ಯಾವ ಮೆಟ್ಟಿಲಿಗೆಂದು ಕೆರೆ ಅಗೆದವರಿಗೆ ಹೇಳಿಕೊಡಬೇಕೇ? ಕಾಲುವೆ ನೀರು ಬಿಟ್ಟರು. ಕೆರೆಯ ನೀರು ಏರಿ ಸರಿಯಾಗಿ ಕೊಡಗಳ ಬುಡಕ್ಕೆ ಬಂದು ನಿಂತಿತು.

ಮರುದಿನ ಬೆಳಿಗ್ಗೆ ಮೇಲ್ಕೇರಿಯವರು ಮೆಟ್ಟಿಲಲ್ಲೇ ಸಿಕ್ಕಿಹಾಕಿಕೊಂಡರು. ಕೊಡ ಸರಿಸದೆ ನೀರು ಸಿಗದು, ಕೊಡ ಮುಟ್ಟಿದರೆ ಮೈಲಿಗೆ. ದಂಡೆಯ ಮೇಲೆ ನಾವು ಹಬ್ಬದ ಬಟ್ಟೆಯುಟ್ಟು, ಕೈಮುಗಿದು ಕೂತಿದ್ದೆವು.

ಊರ ಹಿರಿಯರೊಬ್ಬರು ಓಡಿ ಬಂದರು. "ಯಾರಬೇ ಇವನ್ನ ಇಟ್ಟಾಕಿ? ಮೊದ್ಲ ತಗೀಬೇ!"

ಅವ್ವ ಎದ್ದು ನಿಂತಳು. "ತಗೀತೀವ್ರಿ ಯಪ್ಪಾ. ತಗೀಬೇಕಂದ್ರ ಕೆಳಗ ಇಳೀಬೇಕಾಗತೈತ್ರಿ. ಇಳೀಲೇನ್ರಿ?"

ಹಿರಿಯರು ಒಮ್ಮೆ ಕೊಡಗಳತ್ತ, ಒಮ್ಮೆ ಅವ್ವನ ಕಾಲಿನತ್ತ ನೋಡಿ ರುಮಾಲು ಸರಿಪಡಿಸಿಕೊಂಡರು. ನಾನು ನಗು ತಡೆಯಲಾರದೆ ದಾವಣಿಯ ಸೆರಗನ್ನು ಬಾಯಿಗೆ ತುರುಕಿಕೊಂಡೆ. ಅವ್ವ ನನ್ನನ್ನು ದುರುಗುಟ್ಟಿ ನೋಡಿದಳು. ಯಾರಿಗೂ ಎದುರಾಡಬಾರದು, ಯಾರನ್ನೂ ನೋಡಿ ನಗಬಾರದು ಎಂದು ಮೊದಲೇ ತಾಕೀತು ಮಾಡಿದ್ದಳು.

ಬಿಸಿಲೇರಿತು. ಕಡೆಗೆ ಆ ಹಿರಿಯರ ತಾಯಿ, ಹಣೆ ತುಂಬ ವಿಭೂತಿಯ ಮುದುಕಿ, ತನ್ನ ಖಾಲಿ ಕೊಡ ಹಿಡಿದು ಗೊಣಗುತ್ತ ಕೆಳಗಿಳಿದಳು. "ಉಪ್ಪನೀರಾಗ ಬ್ಯಾಳಿ ಬೇಯಂಗಿಲ್ಲ. ನಿಮ್ಮ ಪಂಚಾಯ್ತಿ ಮುಗಿಯೂತನಕಾ ನಾ ಉಪಾಸ ಇರ್ಲೇನು?" ಎನ್ನುತ್ತ ಬಾಗಿ ಅವ್ವನ ಕೊಡವನ್ನೇ ಎತ್ತಿ, ತಿರುಗಿಸಿ ನೋಡಿದಳು. "ಎಷ್ಟ ಛಲೋ ಬೆಳಗೀಯಬೇ! ನನ್ನ ಸೊಸಿಗೂ ಕಲಿಸು. ಬಾ, ಹಿಡಿ."

ಅವ್ವ ಇಳಿದಳು. ಎರಡೂ ಪಾದ ಒಂದು ಮೆಟ್ಟಿಲ ಮೇಲೆ ಊರಿಯೇ ಮುಂದಿನದಕ್ಕೆ ಕಾಲಿಡುತ್ತಿದ್ದಳು. ನನ್ನ ನಗು ಅಲ್ಲಿಗೇ ನಿಂತಿತು. ಅವಳು ತನ್ನ ಕೊಡ ಬದಿಗಿಟ್ಟು, ಮೊದಲು ಮುದುಕಿಯದನ್ನು ತುಂಬಿ ಆಕೆಯ ಸೊಂಟಕ್ಕೆ ಏರಿಸಿದಳು. ಮುದುಕಿ ಆ ನೀರು ಚೆಲ್ಲುತ್ತಾಳೆಂದು ಎಲ್ಲರೂ ಕಾದರು. ಅವಳು ಹನಿಯೂ ತುಳುಕಿಸದೆ ಮನೆಗೆ ಹೊತ್ತೊಯ್ದಳು.

ಆಮೇಲೆ ಅವ್ವ ತನ್ನ ಕೊಡ ಮುಳುಗಿಸಿದಳು. ಆ ದಿನ ಏಳು ಸಲ ಕೆರೆಗೆ ಹೋದಳು. ಹಿಟ್ಟು ನಾದುವ ಪರಾತದಲ್ಲೂ ನೀರು ತುಂಬಿಟ್ಟು, ರೊಟ್ಟಿಯಿಲ್ಲದೆ ನಮಗೆಲ್ಲ ಚುರುಮುರಿ ತಿನ್ನಿಸಿದಳು.