ರಾಗಿ ಬಿಸ್ಕತ್ತು ಮತ್ತು ಒಂದು ಆಣೆ

ನನ್ನ ಗಂಡ ಕಳ್ಳ ಎಂದು ಹತ್ತಿರ ಹತ್ತಿರ ಒಂದು ವರ್ಷ ನಂಬಿದ್ದೆ. ದುಡ್ಡು ಕದಿಯುವ ಕಳ್ಳನಲ್ಲ, ಸಿಹಿ ಕದ್ದು ತಿನ್ನುವ ಕಳ್ಳ. ನಂಬಿ ಸುಮ್ಮನಿರುವ ಜಾತಿಯವಳಲ್ಲ ನಾನು. ನೆಂಟರಿಷ್ಟರಿಗೆಲ್ಲ ಹೇಳಿಕೊಂಡು ಬಂದಿದ್ದೆ. ಮನೆ ತುಮಕೂರಿನಲ್ಲಿ, ಗುಬ್ಬಿಯ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಪರೀಕ್ಷೆ ದಿನ ಯಾವ ಹುಡುಗಿಯ ಬಳೆಯ ಕೆಳಗೆ ಚೀಟಿ ಇದೆ ಎಂದು ಬಾಗಿಲಲ್ಲಿ ನಿಂತೇ ಹೇಳಬಲ್ಲೆ. ಅಂಥವಳಿಗೆ ಕಟ್ಟಿಕೊಂಡ ಗಂಡನ ಮುಖ ಓದುವುದು ಯಾವ ಮಹಾ ಲೆಕ್ಕ ಎಂದುಕೊಂಡಿದ್ದೆ.

ಅವರು ಸರ್ಕಾರಿ ಬಸ್ಸಿನ ಡ್ರೈವರು. ಊರ್ಡಿಗೆರೆ ಕಡೆಯ ಹಳ್ಳಿಯವರು. ತುಮಕೂರಿನಿಂದ ಹೆಬ್ಬೂರಿನ ಮೇಲೆ ಕುಣಿಗಲ್ಲಿಗೆ ಹೋಗಿ ಬರುವ ರೂಟು, ಇಪ್ಪತ್ತು ವರ್ಷದ ಮೇಲಾಗಿತ್ತು. ಆ ದಾರಿಯ ಯಾವ ಹಂಪಿನ ಹತ್ತಿರ ಯಾವ ಅಜ್ಜಿ ಕೈ ಅಡ್ಡ ಹಿಡಿಯುತ್ತಾಳೆ ಎಂಬುದು ಅವರಿಗೆ ಗೊತ್ತಿತ್ತು. ಬೇರೆ ಯಾವ ವಿಷಯದಲ್ಲೂ ಜಂಬವಿಲ್ಲದ ಮನುಷ್ಯ, ಸ್ಟೇರಿಂಗಿನ ವಿಷಯದಲ್ಲಿ ಮಾತ್ರ ರಾಜ. ಡ್ರೈವರುಗಳಿಗೆ ವರ್ಷಕ್ಕೊಮ್ಮೆ ಮಾಡಿಸುವ ಮೆಡಿಕಲ್ ಪರೀಕ್ಷೆಯಲ್ಲಿ ಶುಗರ್ ಸಿಕ್ಕಿತು. ಕಣ್ಣಿನ ಹಿಂದಿನ ನರಕ್ಕೂ ಸ್ವಲ್ಪ ತಗುಲಿದೆ ಎಂದರು. ಡಾಕ್ಟರು ಸುತ್ತಿ ಬಳಸಿ ಮಾತಾಡಲಿಲ್ಲ. ಮುಂದಿನ ಮೆಡಿಕಲ್ ಹೊತ್ತಿಗೆ ಶುಗರ್ ಇಳಿಯಬೇಕು, ಇಲ್ಲದಿದ್ದರೆ ಬಸ್ಸಿನಿಂದ ಇಳಿಸುತ್ತಾರೆ.

ಆಸ್ಪತ್ರೆಯ ಮೆಟ್ಟಿಲ ಮೇಲೆ ಅವರು ನನ್ನ ಮುಖ ನೋಡಿ, "ಬಸ್ಸೊಂದು ಉಳಿಸ್ಕೊಡು ಕಣೇ, ನೀನ್ ಹೇಳ್ದಂಗೆ ಕೇಳ್ತೀನಿ" ಅಂದರು.

ಹೇಳಿದಂತೆ ಕೇಳುತ್ತೇನೆ ಎಂಬ ಮಾತನ್ನು ನನ್ನಂಥವಳಿಗೆ ಹೇಳಬಾರದು.

ಅವತ್ತೇ ಸಕ್ಕರೆ ಡಬ್ಬವನ್ನು ಎದುರು ಮನೆಗೆ ಕೊಟ್ಟೆ. ಬೆಳಿಗ್ಗೆ ಮುದ್ದೆ, ರಾತ್ರಿ ಮುದ್ದೆ, ಸೊಪ್ಪು, ಕಾಳು. ಊಟದ ವಿಷಯದಲ್ಲಿ ನಾನೇನೂ ತಪ್ಪು ಮಾಡಲಿಲ್ಲ ಎಂದು ಈಗಲೂ ಹೇಳುತ್ತೇನೆ. ಕಷ್ಟವೆಂದರೆ ನಡುವಿನ ಹೊತ್ತು. ಡ್ರೈವರುಗಳಿಗೆ ಟ್ರಿಪ್ಪು ಟ್ರಿಪ್ಪಿನ ನಡುವೆ ಬಾಯಾಡಿಸಲು ಏನಾದರೂ ಬೇಕು. ಕುಣಿಗಲ್ ಬಸ್‌ಸ್ಟ್ಯಾಂಡಿನಲ್ಲಿ ಇಳಿದರೆ ಎಡಕ್ಕೆ ಬೋಂಡ, ಬಲಕ್ಕೆ ಜಾಮೂನು. ಅದಕ್ಕೆ ನಾನು ಒಂದು ಸ್ಟೀಲ್ ಡಬ್ಬಿ ಕಟ್ಟಿಕೊಡತೊಡಗಿದೆ. ಗುಬ್ಬಿಯ ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಹಳೇ ಬೇಕರಿ, ಅಲ್ಲಿ ಗಾಜಿನ ಜಾಡಿಯಲ್ಲಿ ರಾಗಿ ಬಿಸ್ಕತ್ತು. ನೋಡಲು ನೆಲದ ಮಣ್ಣಿನ ಬಣ್ಣ, ಮೇಲೆ ಹಿಟ್ಟು ಉದುರಿಸಿರುತ್ತಿದ್ದರು. ವಾರಕ್ಕೆ ಎರಡು ಕೆಜಿ ತರುತ್ತಿದ್ದೆ. ಜೊತೆಗೆ ಸಿರಿಧಾನ್ಯದ ಮಿಕ್ಸ್ಚರು. ಆಮೇಲೆ ಜೇನು ನೆಲ್ಲಿಕಾಯಿ, ಬಾಟಲಿಯ ಮೇಲೆ ಹಸಿರು ಎಲೆಯ ಚಿತ್ರ ಇದ್ದದ್ದು.

ನಮ್ಮ ಕಡೆ ರಾಗಿ ಅಂದರೆ ಅರ್ಧ ದೇವರು. ರಾಗಿ ತಿಂದವ ನಿರೋಗಿ ಎಂದು ಹಾಲು ಕುಡಿಯುವ ಮಗುವಿನ ಕಿವಿಗೂ ಹೇಳುತ್ತೇವೆ. ಹೆಸರಿನಲ್ಲಿ ರಾಗಿ ಇದ್ದ ಮೇಲೆ ಒಳಗೆ ಏನಿದೆ ಎಂದು ಯಾರು ಕೇಳುತ್ತಾರೆ? "ಪ್ರಶ್ನೆ ಪೂರ್ತಿ ಓದ್ರೇ, ಆಮೇಲೆ ಉತ್ತರ ಬರೀರಿ" ಎಂದು ದಿನಾ ಮಕ್ಕಳ ಮೇಲೆ ಕೂಗುವ ನಾನು, ಆ ನೆಲ್ಲಿಕಾಯಿ ಬಾಟಲಿಯನ್ನು ಒಂದು ಸಲವೂ ಹಿಂದಕ್ಕೆ ತಿರುಗಿಸಿ ಓದಲಿಲ್ಲ.

"ಇಷ್ಟೊಂದು ಯಾಕ್ ಹಾಕ್ತೀಯ? ಗಂಟ್ಲು ಒಣಗುತ್ತೆ, ಎಂಟತ್ತು ಸಾಕು" ಎಂದು ಅವರು ಒಂದೆರಡು ದಿನ ಅಂದರು.

"ರಾಗಿ ರೀ ಅದು. ಎಷ್ಟು ತಿಂದ್ರೂ ಔಷಧೀನೇ. ಹೊಟ್ಟೆ ತುಂಬಿದ್ರೆ ತಾನೇ ಕಣ್ಣು ಜಾಮೂನಿನ ಮೇಲೆ ಹೋಗಲ್ಲ? ಡಬ್ಬಿ ಖಾಲಿಯಾಗಿ ಬರ್ಬೇಕು."

ಡಬ್ಬಿ ಖಾಲಿಯಾಗಿ ಬರುತ್ತಿತ್ತು. ಸಂಜೆ ಬಾಗಿಲಲ್ಲೇ ಮುಚ್ಚಳ ತೆಗೆದು ನೋಡುತ್ತಿದ್ದೆ. ಎರಡು ಬಿಸ್ಕತ್ತು ಉಳಿದಿದ್ದರೆ ಅವತ್ತು ರಾಮಾಯಣವೇ. ಅವರು ಚಪ್ಪಲಿ ಬಿಡುವ ಮೊದಲು, ಅಲ್ಲೇ ನಿಂತು ಅವನ್ನೂ ತಿನ್ನುತ್ತಿದ್ದರು.

ಮೂರು ತಿಂಗಳಿಗೆ ರಕ್ತ ಪರೀಕ್ಷೆ ಮಾಡಿಸಿದೆವು. ಶುಗರ್ ಏರಿತ್ತು. ನಾನು ರಿಪೋರ್ಟನ್ನು ಎರಡು ಸಲ ಓದಿ ಅವರನ್ನು ನೋಡಿದೆ. ಚೀಟಿ ಸಿಕ್ಕ ಹುಡುಗಿಯನ್ನು ಹೇಗೆ ನೋಡುತ್ತೇನೋ ಹಾಗೆ.

"ಏನ್ ತಿಂದ್ರಿ?"

"ನೀನ್ ಕೊಟ್ಟಿದ್ದು ಬುಟ್ಟು ಇನ್ನೇನೂ ಇಲ್ಲ."

"ಹಂಗಾದ್ರೆ ಮುದ್ದೆ ತಿಂದು ಶುಗರ್ ಏರ್ತಾ? ಯಾರ ಕಿವಿ ಮೇಲೆ ಹೂವು ಇಡ್ತೀರ?"

ಮರುದಿನ ಅವರ ಕಂಡಕ್ಟರಿಗೆ ಫೋನ್ ಮಾಡಿದೆ. ಬಸ್ಸಿನಲ್ಲಿ ಅವರ ಜೊತೆ ಎಂಟು ವರ್ಷದಿಂದ ಇರುವವನು. "ಅಯ್ಯೋ ಅಕ್ಕಾ, ಆಣೆಗೂ ಏನೂ ಮುಟ್ಟಲ್ಲ. ನಾವೆಲ್ಲ ಚಿತ್ರಾನ್ನ ಹೊಡೀತಿದ್ರೆ ಅಣ್ಣ ಒಬ್ನೇ ಟೈರ್ ಪಕ್ಕ ಕೂತು ಆ ಬಿಸ್ಕತ್ತು ಅಗೀತಾ ಇರ್ತಾನೆ. ನೋಡಕ್ಕಾಗಲ್ಲ ಕಣಕ್ಕ" ಅಂದ. ನಾನು ಫೋನ್ ಇಟ್ಟು, ಇವನೂ ಅವರ ಜೊತೆ ಸೇರಿದ್ದಾನೆ ಎಂದು ತೀರ್ಮಾನ ಮಾಡಿದೆ. ಒಬ್ಬನ ಚೀಟಿ ಇನ್ನೊಬ್ಬ ಅಡಗಿಸುವುದು ನಾನು ಕಾಣದ್ದೇ?

ಆಮೇಲೆ ನಾನು ಮಾಡಿದ್ದನ್ನು ಬರೆಯುವಾಗ ನಾಚಿಕೆಯಾಗಬೇಕಿತ್ತು. ಆಗುತ್ತಿಲ್ಲ. ಅವರ ಜೇಬು ಮೂಸಿದೆ. ಯೂನಿಫಾರಮ್ಮಿನ ಅಂಗಿಯ ಮೇಲೆ ಪಾಕದ ಕಲೆ ಹುಡುಕಿದೆ. ರಜೆ ಹಾಕಿ ಕುಣಿಗಲ್ಲಿಗೆ ಹೋಗಿ, ಬಸ್‌ಸ್ಟ್ಯಾಂಡಿನ ಕಂಬದ ಹಿಂದೆ ಸೆರಗು ಮುಚ್ಚಿಕೊಂಡು ನಿಂತೆ. ಅವರು ಇಳಿದು ಕೈ ತೊಳೆದು ಡಬ್ಬಿ ತೆಗೆದರು, ತಿಂದರು, ನೀರು ಕುಡಿದರು, ಹತ್ತಿದರು. ನನ್ನನ್ನು ದೂರದಿಂದಲೇ ನೋಡಿರಬೇಕು, ಅದಕ್ಕೇ ಈ ನಾಟಕ ಎಂದುಕೊಂಡು ಬಂದ ಬಸ್ಸಿನಲ್ಲೇ ವಾಪಸಾದೆ.

ಚೇಳೂರಿನಲ್ಲಿ ನನ್ನ ಅಣ್ಣನ ಮಗಳ ಮದುವೆ ಬಂತು. ಊಟದ ಸಾಲಿನಲ್ಲಿ ನಮ್ಮ ಕಡೆಯ ಹಿರಿಯರೆಲ್ಲ ಕೂತಿದ್ದರು. ಬಡಿಸುವವರು ಕೇಳದೆ ಇವರ ಎಲೆಗೂ ಒಂದು ಹೋಳಿಗೆ ಹಾಕಿ ಮುಂದೆ ಹೋದರು. ಇವರು ಅದನ್ನು ಮುಟ್ಟಿರಲಿಲ್ಲ. ಅದರ ಪಕ್ಕದಿಂದ ಅನ್ನ ಕಲಸಿಕೊಳ್ಳುತ್ತಿದ್ದರು, ಅಷ್ಟೇ. ನಾನು ಎದುರು ಸಾಲಿನಿಂದ ಎದ್ದು ಹೋಗಿ, ಬಗ್ಗಿ, ಆ ಹೋಳಿಗೆಯನ್ನು ಎಲೆಯಿಂದ ಎತ್ತಿದೆ.

"ಸಾಯ್ಲೇಬೇಕು ಅಂತಿದ್ರೆ ಮನೇಲಿ ಸಾಯ್ರಿ. ಮದುವೆ ಮನೇಲಿ ಬೇಡ."

ನನ್ನ ಸೋದರಮಾವ ಮಜ್ಜಿಗೆಯ ಲೋಟ ಬಾಯಿಗೆ ಹಿಡಿದವರು ಹಿಡಿದಂತೆಯೇ ಇದ್ದರು. ಇವರು ತಲೆ ಬಗ್ಗಿಸಿ ಅನ್ನ ಮುಗಿಸಿದರು. ಆಮೇಲೆ ಛತ್ರದ ರೂಮಿನಲ್ಲಿ ಬ್ಯಾಗಿನಿಂದ ಡಬ್ಬಿ ತೆಗೆದು, "ಬಾಯಿ ಚಪಲ ಇದ್ರೆ ಇದನ್ನ ತಿನ್ನಿ" ಎಂದು ಕೊಟ್ಟೆ. ಅವರು ತಿಂದರು.

ಮುಂದಿನ ರಿಪೋರ್ಟಿನಲ್ಲಿ ಶುಗರ್ ಇನ್ನೂ ಏರಿತ್ತು. ಮೆಡಿಕಲ್ಲಿಗೆ ತಿಂಗಳು ಉಳಿದಿತ್ತು. ನಾನು ಅವರನ್ನು ಯಡಿಯೂರಿಗೆ ಕರೆದುಕೊಂಡು ಹೋದೆ. ನಮ್ಮ ಕಡೆ ಜಗಳ ಬಾಯಲ್ಲಿ ಮುಗಿಯದಿದ್ದರೆ ದೇವರ ಹೊಸ್ತಿಲಿಗೆ ಹೋಗುತ್ತದೆ. ಸಿದ್ಧಲಿಂಗೇಶ್ವರನ ಮುಂದೆ ಸುಳ್ಳು ಆಣೆ ಮಾಡಿದವರು ಉಳಿಯುವುದಿಲ್ಲ ಎಂಬ ಭಯ ಎಂಥ ಪುಂಡನಿಗೂ ಇದೆ. ಇವರಿಗೆ ಭಯಕ್ಕಿಂತ ಭಕ್ತಿ ಜಾಸ್ತಿ. ಟ್ರಿಪ್ಪಿಗೆ ಮುಂಚೆ ಬಸ್ಸಿನ ಗಾಜಿನ ಬಳಿ ಇಟ್ಟ ಅದೇ ದೇವರ ಫೋಟೋಗೆ ಕೈ ಮುಗಿಯದೆ ಗೇರು ಹಾಕುವವರಲ್ಲ.

ಹೊಸ್ತಿಲು ಮುಟ್ಟಿ ಹೇಳಿದರು: "ನನ್ನಪ್ಪಾ, ಇವ್ಳು ಕೊಟ್ಟಿದ್ದು ಬುಟ್ಟು ಒಂದ್ ತುಣುಕು ಸಿಹಿ ನಾನು ಬಾಯಿಗಿಟ್ಟಿಲ್ಲ." ಅವರ ಕಣ್ಣಲ್ಲಿ ನೀರಿತ್ತು. ನನಗೂ ಆ ಹೊತ್ತು ನಂಬಿಕೆ ಬಂತು. ಬರುವಾಗ ಬಸ್ಸಿನಲ್ಲಿ ಅವರ ಹೆಗಲಿಗೆ ಒರಗಿ ನಿದ್ದೆ ಮಾಡಿದೆ.

ಮೆಡಿಕಲ್ ಆಯಿತು. ಶುಗರ್ ಹಿಂದೆಂದಿಗಿಂತ ಮೇಲೆ. ಕಣ್ಣು ಇನ್ನಷ್ಟು ಕೆಟ್ಟಿತ್ತು. ಅವರನ್ನು ಬಸ್ಸಿನಿಂದ ಇಳಿಸಿ, ತುಮಕೂರಿನ ಬಸ್‌ಸ್ಟ್ಯಾಂಡಿನ ಕಂಟ್ರೋಲ್ ರೂಮಿನಲ್ಲಿ ಮೈಕಿನ ಮುಂದೆ ಕೂರಿಸಿದರು. ಹೆಬ್ಬೂರು, ಕುಣಿಗಲ್, ಪ್ಲಾಟ್‌ಫಾರಂ ನಂಬರ್ ಇಂತಿಷ್ಟು ಎಂದು ಇನ್ನು ಮೇಲೆ ಕೂಗುವುದು. ಅವರ ಬಸ್ಸನ್ನು ಹೊಸಬನೊಬ್ಬನಿಗೆ ಕೊಟ್ಟರು.

ಅವರು ಬಂದು ಇಷ್ಟನ್ನು ಹೇಳಿ ಕುರ್ಚಿಯಲ್ಲಿ ಕೂತಾಗ ನಾನು ನೀರು ಕೊಡಲಿಲ್ಲ. "ದೇವರಿಗೇ ಮೋಸ ಮಾಡಿದವ್ರು, ನಾನ್ಯಾವ ಲೆಕ್ಕ" ಅಂದೆ. ಅದೇ ಕಡೆಯ ಮಾತು. ಆಮೇಲೆ ಹತ್ತೊಂಬತ್ತು ದಿನ ನಾನು ಅವರ ಜೊತೆ ಮಾತಾಡಲಿಲ್ಲ. ಸುಳ್ಳು ಆಣೆಯ ಸುದ್ದಿಯನ್ನು ಮಾತ್ರ ಅಣ್ಣನಿಗೆ, ಅತ್ತಿಗೆಗೆ, ಸ್ಟಾಫ್ ರೂಮಿಗೆ, ಎಲ್ಲರಿಗೂ ಹೇಳಿದೆ. ಡಬ್ಬಿ ಕಟ್ಟುವುದನ್ನು ನಿಲ್ಲಿಸಲಿಲ್ಲ. ಕರ್ತವ್ಯ ಕರ್ತವ್ಯವೇ.

ಇಪ್ಪತ್ತನೆಯ ದಿನ ಶಾಲೆ ಮುಗಿಸಿ ಬೇಕರಿಗೆ ಹೋದೆ. ಯಾವಾಗಲೂ ಗಲ್ಲಾದಲ್ಲಿ ಇರುತ್ತಿದ್ದ ಹೆಂಗಸು ಅವತ್ತಿರಲಿಲ್ಲ. ಮಾಲೀಕರಾದ ಸಾಬರೇ ಕೂತಿದ್ದರು. ಬಿಳಿ ಗಡ್ಡದ, ನಿಧಾನದ ಮನುಷ್ಯ. ತಟ್ಟೆಯಲ್ಲಿ ಹೆಚ್ಚಿದ ಸೌತೆಕಾಯಿ ಇಟ್ಟುಕೊಂಡು ಸಕ್ಕರೆ ಇಲ್ಲದ ಟೀ ಕುಡಿಯುತ್ತಿದ್ದರು.

"ಏನ್ ಸಾಬ್ರೇ, ಇಷ್ಟು ತಿಂಡಿ ಮಧ್ಯೆ ಸೌತೆಕಾಯಿ?"

"ಶುಗರ್ ಮೇಡಂ. ಹತ್ತು ವರ್ಷ ಆಯ್ತು."

ನನ್ನ ಮೇಷ್ಟರಿಕೆ ಸುಮ್ಮನಿರುತ್ತದೆಯೇ? "ಅದಕ್ಕ್ಯಾಕೆ ಉಪವಾಸ? ನಿಮ್ಮ ಜಾಡೀಲೇ ಔಷಧಿ ಇದೆಯಲ್ಲ, ರಾಗಿ ಬಿಸ್ಕತ್ತು ತಿನ್ನಿ" ಅಂದೆ.

ಅವರು ನಕ್ಕರು. ಟೀ ನೆತ್ತಿಗೇರಿ ಕೆಮ್ಮುವಷ್ಟು ನಕ್ಕರು. "ಅದನ್ನ ತಿಂದ್ರೆ ನಾನ್ ಇಷ್ಟೊತ್ತಿಗೆ ಖಬರಸ್ತಾನದಲ್ಲಿ ಇರ್ತಿದ್ದೆ ಮೇಡಂ! ಬರೀ ರಾಗೀಲಿ ಬಿಸ್ಕತ್ತು ನಿಲ್ಲುತ್ತಾ? ಪುಡಿಪುಡಿ ಆಗೋಗುತ್ತೆ. ಮೈದಾ ಹಾಕ್ಬೇಕು, ಡಾಲ್ಡಾ ಹಾಕ್ಬೇಕು, ಸಕ್ಕರೆ ಅಂತೂ ಕೇಳ್ಲೇಬೇಡಿ. ರಾಗಿ ಒಂದ್ ಹಿಡಿ, ಹೆಸರಿಗೆ. ಬಣ್ಣ ಬರ್ಲಿ ಅಂತ ಸಕ್ಕರೇನೇ ಕಪ್ಪಗೆ ಕಾಯ್ಸಿ ಹುಯ್ತೀವಿ." ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದರು. "ಯಾಕೆ ಮೇಡಂ? ಸ್ಕೂಲ್ ಮಕ್ಳಿಗೆ ತಾನೇ ನೀವು ತಗೊಂಡು ಹೋಗೋದು?"

"ಹೂಂ, ಮಕ್ಳಿಗೆ" ಅಂದೆ.

"ಕೇಳಿದ್ರೆ ಯಾರಿಗಾದ್ರೂ ಹೇಳ್ತೀನಿ, ಮುಚ್ಚಿಡಲ್ಲ. ಯಾರೂ ಕೇಳಲ್ಲ" ಎಂದು ಅವರು ಸೌತೆಕಾಯಿ ಕಡೆ ತಿರುಗಿದರು.

ಗುಬ್ಬಿಯಿಂದ ತುಮಕೂರಿಗೆ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತೆ. ಬಿಸ್ಕತ್ತು ಲೆಕ್ಕ ಹಾಕಬೇಡ ಎಂದು ನನಗೆ ನಾನೇ ಹೇಳಿಕೊಂಡರೂ ಗಣಿತದ ತಲೆ ಕೇಳಲಿಲ್ಲ. ಮನೆಗೆ ಹೋದ ಕೂಡಲೇ ಹೇಳುವುದು ಎಂದು ನಿಶ್ಚಯ ಮಾಡಿದೆ. ಎರಡೇ ವಾಕ್ಯ. ನೀವು ಕದ್ದಿರಲಿಲ್ಲ. ನಾನೇ ತಿನ್ನಿಸಿದ್ದು. ದಾರಿಯುದ್ದಕ್ಕೂ ಬಾಯಿಪಾಠ ಮಾಡಿದೆ.

ಬಾಗಿಲು ತೆಗೆದರೆ ಅವರು ಕತ್ತಲಾಗುತ್ತಿದ್ದ ಹಾಲಿನಲ್ಲಿ ದೀಪ ಹಾಕದೆ ಕೂತಿದ್ದರು. ನಾನು ಚಪ್ಪಲಿ ಬಿಡುವ ಮೊದಲೇ ಎದ್ದು ನಿಂತರು.

"ತಿಂದಿದ್ದೆ ಕಣೇ" ಅಂದರು. "ಕುಣಿಗಲ್ಲಲ್ಲಿ. ಜಾಮೂನು. ದಿನಾ ತಿಂತಿದ್ದೆ. ತೆಪ್ಪಾಯ್ತು. ಮಾತಾಡು."

ಹೇಳಿಕೊಟ್ಟ ಪಾಠ ಒಪ್ಪಿಸುವ ಹುಡುಗರ ದನಿ ನನಗೆ ಗೊತ್ತಿಲ್ಲವೇ? ಅವರು ತಿಂದಿರಲಿಲ್ಲ. ಹತ್ತೊಂಬತ್ತು ದಿನದ ಮೌನ ತಡೆಯಲಾರದೆ, ಮಾಡದ ಕಳ್ಳತನವನ್ನು ಒಪ್ಪಿಕೊಳ್ಳುತ್ತಿದ್ದರು. ನನ್ನ ಎರಡು ವಾಕ್ಯ ನಾಲಿಗೆಯ ತುದಿಯಲ್ಲಿದ್ದವು. ಬ್ಯಾಗಿನಲ್ಲಿ, ಮಕ್ಕಳಿಗೆ ಎಂದು ಹೇಳಿ ಕಟ್ಟಿಸಿಕೊಂಡು ಬಂದ ಎರಡು ಕೆಜಿ ಬಿಸ್ಕತ್ತು ಇತ್ತು.

"ನಂಗೆ ಮೊದ್ಲೇ ಗೊತ್ತಿತ್ತು" ಅಂದೆ.

ಅಷ್ಟು ಹೇಳಿದ ಕೂಡಲೇ ನನಗೆ ಹಾಯಾಯಿತು. ಇದೊಂದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ. ಅಣ್ಣ, ಅತ್ತಿಗೆ, ಸೋದರಮಾವ, ಸ್ಟಾಫ್ ರೂಮು, ಯಾರ ಮುಂದೆಯೂ ನಾನು ಮಾತು ವಾಪಸು ತೆಗೆದುಕೊಳ್ಳಬೇಕಾಗಿರಲಿಲ್ಲ. ಅವರು ಬಂದು ನನ್ನ ಕೈಯಿಂದ ಬ್ಯಾಗು ಇಸಿದುಕೊಂಡರು. "ಟೀ ಮಾಡ್ಲಾ?" ಎಂದು ಕೇಳಿದರು. ಮಾಡಿ ಅಂದೆ.

ಬಿಸ್ಕತ್ತನ್ನು ಮರುದಿನ ಶಾಲೆಯ ಮಕ್ಕಳಿಗೆ ಹಂಚಿದೆ. ಬೇಕರಿ ಮುಚ್ಚಿತು ಎಂದು ಇವರಿಗೆ ಹೇಳಿದೆ. "ಪಾಪ, ಒಳ್ಳೇ ಬಿಸ್ಕತ್ತು" ಅಂದರು. ಅವತ್ತಿನಿಂದ ಡಬ್ಬಿಗೆ ಸೌತೆಕಾಯಿ, ಒಂದು ಹಿಡಿ ಹುರಿಗಡಲೆ. ಮೂರು ತಿಂಗಳಿಗೆ ಶುಗರ್ ಸರಸರ ಇಳಿಯಿತು. ಕಣ್ಣಿಗೆ ಆಗಿದ್ದು ಆಗಿಹೋಗಿತ್ತು, ಸ್ಟೇರಿಂಗು ವಾಪಸು ಬರಲಿಲ್ಲ. "ನೋಡು, ಕಳ್ಳತನ ಬಿಟ್ಟ ತಕ್ಷಣ ಇಳೀತು. ಮೊದಲೇ ನಿನ್ ಮಾತು ಕೇಳಿದ್ರೆ ಬಸ್ಸು ಉಳೀತಿತ್ತು" ಎಂದು ಈಗ ಅವರೇ ಬಂದವರಿಗೆಲ್ಲ ಹೇಳುತ್ತಾರೆ. ಎಷ್ಟು ಸಲ ಹೇಳಿದ್ದಾರೆಂದರೆ, ಆ ಜಾಮೂನು ತಿಂದದ್ದು ಅವರಿಗೆ ನೆನಪೇ ಇರುವ ಹಾಗಿದೆ. ಯಾವ ಹೋಟೆಲು, ಯಾವ ಮೇಜು ಎಂದೂ ಹೇಳುತ್ತಾರೆ.

ಸುಳ್ಳು ಆಣೆಗೆ ತಪ್ಪುಕಾಣಿಕೆ ಕಟ್ಟಬೇಕು ಎಂದು ಅವರು ಹಟ ಹಿಡಿದರು. ಹೋದ ತಿಂಗಳು ಯಡಿಯೂರಿಗೆ ಹೋಗಿ ಬಂದೆವು. ಅರಿಶಿನದ ಬಟ್ಟೆಯಲ್ಲಿ ಕಾಸು ಕಟ್ಟಿ, ಅದೇ ಹೊಸ್ತಿಲು ಮುಟ್ಟಿ, "ಸುಳ್ಳು ಹೇಳ್ಬುಟ್ಟೆ ನನ್ನಪ್ಪಾ" ಎಂದು ಹುಂಡಿಗೆ ಹಾಕಿದರು. ಆ ಹೊಸ್ತಿಲಲ್ಲಿ ಅವರು ಹೇಳಿದ ಮೊದಲ ಸುಳ್ಳು ಅದೇ. ನಾನು ಪಕ್ಕದಲ್ಲಿ ಕೈ ಮುಗಿದುಕೊಂಡು ನಿಂತಿದ್ದೆ.

ದಾಸೋಹದಲ್ಲಿ ಊಟಕ್ಕೆ ಕೂತಾಗ ಪಾಯಸದ ಬಕೆಟ್ಟು ಬಂತು. ಇವರು ತಟ್ಟೆಯ ಮೇಲೆ ಅಂಗೈ ಮುಚ್ಚಿದರು.

"ಪ್ರಸಾದ ಕಣಣ್ಣ, ಒಂದ್ ಸೌಟು" ಅಂದ ಬಡಿಸುವವನು.

"ಬ್ಯಾಡ ಬುಡಪ್ಪಾ. ಕದ್ದು ತಿಂದು ಕೆಟ್ಟವ್ನು ನಾನು" ಎಂದು ಸಾಲಿಗೆಲ್ಲ ಕೇಳುವಂತೆ ಹೇಳಿ, ನಾನು ನೋಡಿದೆನೋ ಇಲ್ಲವೋ ಎಂದು ನನ್ನ ಕಡೆ ತಿರುಗಿದರು.

ಸರಿ ಎಂಬಂತೆ ನಾನು ತಲೆಯಾಡಿಸಿದೆ. ಪಾಯಸ ಮುಂದಿನವರಿಗೆ ಹೋಯಿತು.