ಕಾಲು ಸೆಕೆಂಡ್ ತಡವಾಗಿ ಬಂದ ದನಿ

ಮುಳುಗಿದ ತಲೆ ಮೇಲೆ ಬರಲಿಲ್ಲ. ಹತ್ತು ಎಣಿಸಿದೆ. ಇಪ್ಪತ್ತು. ಕಾಶಿಯ ಕೇದಾರ ಘಾಟಿನ ಮೆಟ್ಟಿಲ ಮೇಲೆ ನಿಂತು ಎಣಿಸುತ್ತಲೇ ಇದ್ದೆ. (ಈಜು ಬಾರದವನು ಇನ್ನೇನು ಮಾಡಿಯಾನು?)

ಹತ್ತು ದಿನವಾಯಿತು. ಕಣ್ಣು ಮುಚ್ಚಿದರೆ ಈಗಲೂ ಎಣಿಕೆ ಶುರುವಾಗುತ್ತದೆ.

ಮುಳುಗಿದವರು ಶಾಮಭಟ್ಟರು. ಏಳನೇ ವಯಸ್ಸಿನಿಂದ ವೇದ ಹೇಳಿದವರು, ಈಗ ಎಪ್ಪತ್ತೆರಡು. ನಮ್ಮ ಕಡೆಯ ಯಾತ್ರಿಕರಿಗೆ ಪುಸ್ತಕ ಮುಟ್ಟದೆ ಕರ್ಮ ಮಾಡಿಸುವವರು ಘಾಟಿನ ಹಿಂದಿನ ಓಣಿಯಲ್ಲಿ ಅವರೊಬ್ಬರೇ. ಆ ಕಂಠವನ್ನು ಸಿಡಿಯಲ್ಲಿ ಹಿಡಿದಿಡೋಣ ಎಂದು ಕಾಶಿಯದೇ ಲಂಕಾ ಬಡಾವಣೆಯ ನನ್ನ ರೂಮಿನಿಂದ ಲ್ಯಾಪ್‌ಟಾಪ್ ಹೊತ್ತು ಅವರ ಮನೆಗೆ ಹೋದವನು ನಾನು. ಮಾಡೆಂದು ಯಾರೂ ಕೇಳಿರಲಿಲ್ಲ.

"ಉಪ್ಪು ತರೋದು ಮರೀತಾರೆ, ನನ್ನ ಹೆಸರೂ ಮರೀತಾರೆ. ಮಂತ್ರ ಮಾತ್ರ ಇಲ್ಲ ಕಣಪ್ಪ," ಎಂದರು ಅವರ ಹೆಂಡತಿ ಪದ್ಮಕ್ಕ.

"ನಿನ್ನ ಹೆಸರಿಗೆ ಸ್ವರ ಇಲ್ವಲ್ಲೇ," ಎಂದರು ಭಟ್ಟರು.

ತಮ್ಮ ದನಿ ತಮಗೆ ಕೇಳಲಿ ಎಂದು ಅವರಿಗೆ ಹೆಡ್‌ಫೋನ್ ಹಾಕಿದೆ. ಎಡವಟ್ಟಾದದ್ದು ಅಲ್ಲೇ. ನನ್ನದು ಲಿನಕ್ಸ್ ಲ್ಯಾಪ್‌ಟಾಪ್. (ಅದರ ಹೆಮ್ಮೆ ಬೇರೆ!) ಸೌಂಡ್ ಕಾರ್ಡಿಗೂ ವೈರ್‌ಲೆಸ್ ಕಾರ್ಡಿಗೂ ಒಂದೇ ಇಂಟರಪ್ಟ್ ನಂಬರು, ಎರಡು ಮನೆಗೆ ಒಂದೇ ಕರೆಗಂಟೆ ಇದ್ದ ಹಾಗೆ. ಆ ಜಗಳದಲ್ಲಿ ದನಿ ತುಂಡಾಗುತ್ತಿತ್ತು. ತುಂಡಾಗದಿರಲೆಂದು ಬಫರ್, ಅಂದರೆ ದನಿಯನ್ನು ಕೊಂಚ ಕೂಡಿಟ್ಟುಕೊಂಡು ಬಿಡುವ ಜಾಗ, ಹೆಚ್ಚಿಸಿದ್ದೆ. ಈಗ ಬಾಯಿಂದ ಹೊರಟ ಮಾತು ಕಾಲು ಸೆಕೆಂಡ್ ತಡವಾಗಿ ಕಿವಿ ಸೇರತೊಡಗಿತು.

ತನ್ನದೇ ದನಿ ಹಿಂದಿನಿಂದ ಜಗ್ಗಿದರೆ ಯಾವ ನಾಲಿಗೆ ತೊದಲುವುದಿಲ್ಲ? ಭಟ್ಟರು ತೊದಲಿದರು. ನಿಂತರು. ಮತ್ತೆ ಆರಂಭಿಸಿದರು. ಸ್ವರ ಜಾರಿತು.

"ಮರೆತೇಹೋಯ್ತಲ್ಲಪ್ಪಾ..."

"ಒಂದ್ನಿಮಿಷ ಭಟ್ರೇ, ಸೆಟ್ಟಿಂಗ್ ನೋಡ್ತೀನಿ," ಎಂದೆ, ಸ್ಕ್ರೀನಿನಿಂದ ಕಣ್ಣೆತ್ತದೆ.

ಕಣ್ಣೆತ್ತಿದಾಗ ಮಣೆಯ ಮೇಲೆ ಹೆಡ್‌ಫೋನ್ ಮಾತ್ರ ಇತ್ತು.

ಮಂತ್ರ ತಪ್ಪಿದ್ದಕ್ಕೆ ಅವರು ಪ್ರಾಯಶ್ಚಿತ್ತಕ್ಕೆ ಹೊರಟಿದ್ದರು. ಗಂಗೆಯಲ್ಲಿ ಮುಳುಗಿ, ಉಸಿರು ಬಿಗಿಹಿಡಿದು, ಮನಸ್ಸಿನಲ್ಲೇ ಮೂರು ಸಲ ಪಾಪ ಕಳೆಯುವ ಅಘಮರ್ಷಣ ಮಂತ್ರ ಹೇಳಬೇಕು. ನಾನು ಓಡಿ ಮೆಟ್ಟಿಲು ತಲುಪುವಾಗ ತಲೆ ಒಳಗೆ ಹೋಯಿತು. ಎಣಿಕೆ ಐವತ್ತು ದಾಟಿದಾಗ ಕಿರುಚಿದೆ. ದೋಣಿಯವನೊಬ್ಬ ಹಾರಿ, ಜುಟ್ಟು ಹಿಡಿದು ಎತ್ತಿದ.

"ಅರೇ ಪಂಡಿತ್‌ಜೀ, ಗಂಗಾ ಮಯ್ಯಾ ಕಹಾಂ ಭಾಗೀ ಜಾ ರಹೀ ಹೈ? ಸಾಂಸ್ ತೋ ಲೀಜಿಯೇ!" ಗಂಗಮ್ಮ ಎಲ್ಲಿಗೂ ಓಡಿಹೋಗುವುದಿಲ್ಲ, ಮೊದಲು ಉಸಿರಾಡಿ ಎಂದು ಬೈಯುತ್ತಲೇ ಬೆನ್ನು ತಟ್ಟಿದ.

ನೀರು ಕಕ್ಕಿದ ಮೇಲೆ ಭಟ್ಟರು ಹೇಳಿದರು: "ಎರಡನೇ ಸಲವೋ ಮೂರನೇದೋ ಅಂತ ಅನುಮಾನ ಬಂತು. ಮೊದಲಿಂದ ಶುರು ಮಾಡ್ದೆ. ಮತ್ತೆ ಅನುಮಾನ. ಮತ್ತೆ ಮೊದಲಿಂದ."

ಮರುದಿನ ವೈರ್‌ಲೆಸ್ ಕಾರ್ಡ್ ಕಿತ್ತೆ, ಬಫರ್ ಇಳಿಸಿದೆ. ಹತ್ತೇ ನಿಮಿಷದ ಕೆಲಸ. ದನಿ ಥಟ್ಟನೆ ಬಂತು. (ಇದನ್ನು ಮೊದಲೇ ಮಾಡಲು ನನಗೇನು ರೋಗವಾಗಿತ್ತು?) ಹೋಗಿ ಹೇಳಿದೆ: ತಪ್ಪು ನಿಮ್ಮದಲ್ಲ ಭಟ್ರೇ, ಯಂತ್ರದ್ದು.

"ಯಂತ್ರಕ್ಕೆ ಮಂತ್ರ ಬರುತ್ತೇನಪ್ಪಾ, ತಪ್ಪೋಕೆ?" ಎಂದರು.

ನಿನ್ನೆ ದಾವಣಗೆರೆಯ ದಂಪತಿಗೆ ಅವರು ಸಂಕಲ್ಪ ಮಾಡಿಸುತ್ತಿದ್ದರು. ಮುಂದೆ ಪುಸ್ತಕ. ಪ್ರತಿ ಸಾಲಿನ ಕೆಳಗೆ ಬೆರಳು. 'ಓಂ' ಎನ್ನುವ ಮುನ್ನವೂ ಪುಟ ನೋಡಿದರು.

ಹಾಗಾದರೆ ಅಂದು ದೋಣಿಯವನು ನೀರಿನಿಂದ ಎತ್ತಿದ್ದು ಯಾರನ್ನು?