ಕಾರ್ಡಿನ ಮೇಲೆ ಬರೆದ ಕಾಯಿಲೆ

ತೊಂಬತ್ತರ ದಶಕದ ಕೊನೆಯಲ್ಲಿ ಗೋಕಾಕದ ಒಂದು ಖಾಸಗಿ ದವಾಖಾನೆಯಲ್ಲಿ ನನಗೆ ಕಾರಕೂನನ ಕೆಲಸ ಸಿಕ್ಕಿದ್ದು ಚೆಂದದ ಅಕ್ಷರದಿಂದ. ಬೇರೆ ಗುಣವೇನೂ ನನ್ನಲ್ಲಿ ಯಾರಿಗೂ ಕಂಡಿರಲಿಲ್ಲ.

ಗುಳಿಗೆಯಿಂದ ಫಿಟ್ಸ್ ನಿಂತವರು ಮುಂದೆ ಹೇಗಿದ್ದಾರೆಂದು ನಮ್ಮ ಡಾಕ್ಟರು ಅಧ್ಯಯನ ಮಾಡುವವರಿದ್ದರು. ಹಳೆಯ ರಜಿಸ್ಟರಿನಿಂದ ಹೆಸರು ತೆಗೆದು ಎಲ್ಲರಿಗೂ ಪತ್ರ ಹಾಕಲು ಹೇಳಿದರು. ಇನ್‌ಲ್ಯಾಂಡ್ ಪತ್ರಗಳು ಮುಗಿದಿದ್ದವು. ಎದ್ದು ಪೋಸ್ಟಿಗೆ ಹೋಗಲು ಬೇಸರ. ಡ್ರಾವರಿನಲ್ಲಿ ಪೋಸ್ಟ್ ಕಾರ್ಡುಗಳಿದ್ದವು, ಮಡಚಿ ಅಂಟಿಸುವ ಗೋಜೂ ಇಲ್ಲ. "ನಿಮ್ಮ ಮಗಳ ಮೂರ್ಛೆರೋಗದ ಕುರಿತು" ಎಂದು ಒಂದರಲ್ಲಿ ಬರೆದು, ನನ್ನ ಜಾಣತನಕ್ಕೆ ಕೆಳಗೊಂದು ಗೆರೆಯನ್ನೂ ಎಳೆದೆ.

ನಮ್ಮ ಕಡೆ ಟಪಾಲಿನವನು ಪತ್ರ ಕೊಟ್ಟು ಸುಮ್ಮನೆ ಹೋಗುವುದಿಲ್ಲ. ಓದು ಬಾರದ ಮನೆಗೆ ಕಾರ್ಡು ಬಂದರೆ ಕಟ್ಟೆಯ ಮೇಲೆ ಕೂತು, ಚಹಾ ಕುಡಿದು, ನಾಲ್ಕು ಜನ ಕೇಳುವಂತೆ ಓದಿಯೇ ಏಳಬೇಕು. ನಾನೂ ಅಂಥ ಊರಲ್ಲೇ ಬೆಳೆದವನು. ಅಂದು ಅದು ನೆನಪಾಗಲಿಲ್ಲ.

ವಾರದ ಮೇಲೆ ತುಕ್ಕಾನಟ್ಟಿಯ ರೈತರೊಬ್ಬರು ಮಗಳೊಡನೆ ಬಂದು ಕಾರ್ಡನ್ನು ನನ್ನ ಮೇಜಿನ ಮೇಲಿಟ್ಟರು. ಅದು ಮುಟ್ಟಿದ ದಿನ ಹುಕ್ಕೇರಿಯಿಂದ ಗಂಡಿನ ಕಡೆಯವರು ಬಂದಿದ್ದರಂತೆ. ಮದುವೆ ಮಾತು ಹೆಚ್ಚುಕಡಿಮೆ ಮುಗಿದಿತ್ತು. ಟಪಾಲಿನವನು ಎಂದಿನಂತೆ ಓದಿದ. ಬೀಗರಾಗಬೇಕಿದ್ದವರು ಅವಲಕ್ಕಿಯನ್ನು ಅರ್ಧಕ್ಕೆ ಬಿಟ್ಟು ಎದ್ದರು.

"ಮೂರ ವರ್ಷ ಆತ್ರಿ, ಒಮ್ಮೆನೂ ಬಂದಿಲ್ಲ ಆಕಿಗೆ," ಎಂದರು ತಂದೆ. ಕಾರ್ಡನ್ನೇ ನೋಡುತ್ತ ನಿಂತರು. "ಅಕ್ಷರ ಭಾಳ ಚಲೋ ಅದಾವ್ರಿ ನಿಮ್ಮವು. ಟಪಾಲಿನಾಂವ ಒಂದ ಕಡೆನೂ ತಡವರಿಸಲಿಲ್ಲ."

ಅವರು ಬೈದಿದ್ದರೆ ನನಗೆ ಏನಾದರೂ ಅನಿಸುತ್ತಿತ್ತೇನೋ. ಏನೂ ಅನಿಸಲಿಲ್ಲ. ತಪ್ಪು ನನ್ನದೆಂದು ಗೊತ್ತಿತ್ತು, ಆದರೂ ಜೋಮು ಹಿಡಿದ ಕಾಲಿನಂತೆ ಒಳಗೆಲ್ಲ ಮರಗಟ್ಟಿತ್ತು. ಕೂರಲು ಕುರ್ಚಿ ಎಳೆದುಕೊಟ್ಟೆ. ತಪ್ಪಾಯಿತು ಎಂದು ಹೇಳಿದೆನೋ ಇಲ್ಲವೋ, ಈಗ ನೆನಪಿಲ್ಲ.

"ನನ್ನ ಹೆಸರ ಬರ್ಕೋರಿ," ಎಂದಳು ಹುಡುಗಿ. "ಮೂಡಲಗಿ ಸಂತ್ಯಾಗೂ ಅದ ಮಾತ ನಡದೈತಿ. ಇನ್ನ ಮುಚ್ಚೂದ ಏನೈತ್ರಿ?"

ಅಧ್ಯಯನಕ್ಕೆ ಸೇರುವ ಓದು ಬಾರದವರಿಗೆ ಒಪ್ಪಿಗೆ ಪತ್ರವನ್ನು ಪೂರ್ತಿ ಓದಿ ಹೇಳಿಯೇ ಹೆಬ್ಬೆಟ್ಟು ಒತ್ತಿಸಿಕೊಳ್ಳಬೇಕೆಂದು ಡಾಕ್ಟರು ತಾಕೀತು ಮಾಡಿದ್ದರು. ಓದತೊಡಗಿದೆ. ಮೂರನೆಯ ಸಾಲಿಗೆ ಬಂದು ನಿಂತೆ.

"ಓದ್ರಿ," ಎಂದಳು.

"ನಿಮ್ಮ ಹೆಸರು ಮತ್ತು ಕಾಯಿಲೆಯನ್ನು ಯಾರಿಗೂ ತಿಳಿಸಲಾಗುವುದಿಲ್ಲ."

ಆ ಸಾಲನ್ನು ಒಂದು ಕಡೆಯೂ ತಡವರಿಸದೆ ಓದಿದೆ.